ಮೊದಲು ನಕ್ಷೆ, ಆಮೇಲೆ ಮಾದರಿ: ಔಷಧಿಗೂ ಲಸಿಕೆಗೂ ಪ್ರೋಟೀನಿನ ರಚನೆ ಓದುವ ಬಗೆ

ಎಂಟು ತಿಂಗಳು ನಾವು ಇಲ್ಲದ ಒಂದು ಅಣುವಿನ ಬೆನ್ನು ಹತ್ತಿದ್ದೆವು. ಒಂದು ಬ್ಯಾಕ್ಟೀರಿಯಾದ ಕಿಣ್ವ, ಅದರ ಗುಳಿಯೊಳಗೆ ಲಿಗ್ಯಾಂಡ್ (ಪ್ರೋಟೀನಿಗೆ ಅಂಟುವ ಚಿಕ್ಕ ಅಣು) ಕೂತಿರುವ ರಚನೆ ನಮ್ಮ ಕೈಗೆ ಬಂದಿತ್ತು. ಚಿತ್ರ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಯಾರಿಗೂ ಅನುಮಾನ ಬರಲಿಲ್ಲ. ಅದರ ಅಳತೆ ತೆಗೆದು, "ಇಲ್ಲೊಂದು ಮಿಥೈಲ್ ಸೇರಿಸಿ, ಈ ಉಂಗುರ ಸ್ವಲ್ಪ ದೊಡ್ಡದು ಮಾಡಿ" ಎಂದು ರಸಾಯನಜ್ಞರಿಗೆ ಬರೆದುಕೊಟ್ಟವಳು ನಾನು. ಅವರು ಮೂವತ್ತಕ್ಕೂ ಹೆಚ್ಚು ಅಣುಗಳನ್ನು ತಯಾರಿಸಿದರು. ಒಂದೂ ಕಿಣ್ವಕ್ಕೆ ಅಂಟಲಿಲ್ಲ. ಕೊನೆಗೊಂದು ರಾತ್ರಿ ಆ ಮಾದರಿಯ ಹಿಂದಿದ್ದ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯನ್ನು ತೆರೆದು ನೋಡಿದೆ. ಪ್ರಯೋಗದಿಂದ ಬರುವುದು ನಕ್ಷೆ, ಅದನ್ನು ನೋಡಿ ಪರಮಾಣುಗಳನ್ನು ಕೂರಿಸಿ ಕಟ್ಟುವುದು ಮಾದರಿ. ಲಿಗ್ಯಾಂಡಿನ ಅರ್ಧಕ್ಕೆ ನಕ್ಷೆಯಲ್ಲಿ ಆಧಾರವೇ ಇರಲಿಲ್ಲ. ಉಳಿದರ್ಧಕ್ಕೆ ಇದ್ದದ್ದು ಉದ್ದನೆಯ ಹುಳುವಿನಂಥ ಒಂದು ಆಕಾರ. ಅದು ಹರಳು ಬೆಳೆಸುವಾಗ ದ್ರಾವಣಕ್ಕೆ ಹಾಕಿದ್ದ ಪಾಲಿಎಥಿಲೀನ್ ಗ್ಲೈಕಾಲ್.

ಆ ನಕ್ಷೆ ಮೊದಲ ದಿನದಿಂದಲೂ ನನಗೆ ಸಿಗುವಂತೆಯೇ ಇತ್ತು. ನೋಡಬೇಕೆಂದು ಅನಿಸಿರಲಿಲ್ಲ, ಅಷ್ಟೆ.

ಪ್ರೋಟೀನಿನ ರಚನೆಯಿಂದ ಔಷಧಿ ಅಥವಾ ಲಸಿಕೆಯ ಕಡೆಗೆ ಹೋಗಬೇಕೆಂದು ಈಗತಾನೆ ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪದವಿ ಮಟ್ಟದ ಜೀವರಸಾಯನ ಗೊತ್ತಿದ್ದರೆ ಸಾಕು. ನಾನು ಹೇಳುವ ಕ್ರಮ ಪಠ್ಯಪುಸ್ತಕದ್ದಲ್ಲ, ಪೆಟ್ಟು ತಿಂದು ಕಲಿತದ್ದು.

ಬೇಕಾದ ಸಾಮಾನು

ಒಂದು ಸಾಧಾರಣ ಕಂಪ್ಯೂಟರ್, ಚಕ್ರವಿರುವ ಮೌಸ್. ರಚನೆ ನೋಡಲು ಕೈಮೆರಾಎಕ್ಸ್ ಅಥವಾ ಪೈಮಾಲ್, ನಕ್ಷೆಯನ್ನು ಹತ್ತಿರದಿಂದ ಪರೀಕ್ಷಿಸಲು ಕೂಟ್. ಕೈಮೆರಾಎಕ್ಸ್ ಕಲಿಕೆಗೆ ಉಚಿತ, ಕೂಟ್ ಎಲ್ಲರಿಗೂ ಉಚಿತ. ರಚನೆಗಳೆಲ್ಲ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿವೆ, ಎಲ್ಲರೂ ಪಿಡಿಬಿ ಅನ್ನುತ್ತಾರೆ. 1971ರಲ್ಲಿ ಅದು ಶುರುವಾದಾಗ ಇದ್ದದ್ದು 7 ರಚನೆ. ಇಂದು 2 ಲಕ್ಷ ದಾಟಿದೆ. ಯಾರು ಬೇಕಾದರೂ ಕಾಸು ಕೊಡದೆ ಇಳಿಸಿಕೊಳ್ಳಬಹುದು. ಇದೊಂದು ಇಲ್ಲದಿದ್ದರೆ ನಮ್ಮ ಕ್ಷೇತ್ರವೇ ಇರುತ್ತಿರಲಿಲ್ಲ.

ಇನ್ನೊಂದು ಸಾಮಾನು, ಕಾಗದದ ನೋಟ್‌ಬುಕ್. ತೆರೆಯ ಮೇಲಿನ ಬಣ್ಣಗಳು ಕಣ್ಣನ್ನು ಬೇಗ ಒಲಿಸಿಕೊಳ್ಳುತ್ತವೆ. ಕೈಯಲ್ಲಿ ಬರೆದ ಪ್ರಶ್ನೆ ಎದುರಿಗಿದ್ದರೆ ಅಷ್ಟು ಸುಲಭಕ್ಕೆ ಒಲಿಯುವುದಿಲ್ಲ.

ಪ್ರಶ್ನೆಯನ್ನು ಬರೆದುಕೊಳ್ಳಿ

ಔಷಧಿಯ ಕೆಲಸಕ್ಕೆ ನೀವು ಹುಡುಕುವುದು ಗುಳಿ: ಚಿಕ್ಕ ಅಣುವೊಂದು ಹೊಕ್ಕು ಕೂತು ಪ್ರೋಟೀನಿನ ಕೆಲಸ ನಿಲ್ಲಿಸಬಲ್ಲ ಜಾಗ. ಲಸಿಕೆಯ ಕೆಲಸಕ್ಕೆ ಬೇಕಾದ್ದು ಮುಖ: ಪ್ರತಿಕಾಯಗಳು ಗುರುತಿಸಿ ಹಿಡಿಯಬಲ್ಲ ಹೊರಮೈ, ಅದೂ ವೈರಸ್ಸಿನ ಮೇಲೆ ನಿಜವಾಗಿ ಇರುವ ಭಂಗಿಯಲ್ಲೇ. ಎರಡಕ್ಕೂ ಒಂದೇ ಕಡತ ತೆರೆದರೂ ನೋಡುವ ಕಣ್ಣು ಬೇರೆ. ಯಾವುದಕ್ಕೆ ನೋಡುತ್ತಿದ್ದೀರಿ ಎಂದು ಒಂದು ಸಾಲಿನಲ್ಲಿ ಬರೆದ ಮೇಲೆ ಮುಂದೆ ಹೋಗಿ. "ಈ ಕಿಣ್ವದ ಕತ್ತರಿಸುವ ಜಾಗವನ್ನು ಮುಚ್ಚಬಲ್ಲ ಅಣುವಿಗೆ ಎಲ್ಲೆಲ್ಲಿ ಹಿಡಿತ ಸಿಗುತ್ತದೆ?" ಎಂಬಷ್ಟು ಖಚಿತವಾಗಿರಲಿ.

ಕಡತ ಆರಿಸುವುದು

ಒಂದೇ ಪ್ರೋಟೀನಿಗೆ ನೂರಾರು ರಚನೆ ಇರುವುದುಂಟು. ಮೊದಲು ಸಿಕ್ಕಿದ್ದನ್ನು ತೆಗೆದುಕೊಳ್ಳಬೇಡಿ. ನಾನು ಮೊದಲು ನೋಡುವುದು ವಿಧಾನವನ್ನು. ಎಕ್ಸ್-ರೇ ಸ್ಫಟಿಕಶಾಸ್ತ್ರವೋ, ಕ್ರಯೋ-ಇಎಮ್ಮೋ (ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವುದು), ಎನ್‌ಎಂಆರೋ? ಆಮೇಲೆ ರೆಸಲ್ಯೂಷನ್, ಅಂದರೆ ಎಷ್ಟು ಸೂಕ್ಷ್ಮ ವಿವರ ಕಾಣುತ್ತದೆ ಎಂಬುದು. ಅದನ್ನು ಆಂಗ್‌ಸ್ಟ್ರಮ್‌ನಲ್ಲಿ (ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಹೇಳುತ್ತಾರೆ, ಸಂಖ್ಯೆ ಚಿಕ್ಕದಾದಷ್ಟೂ ಒಳ್ಳೆಯದು. 3.5ರ ಆಸುಪಾಸಿನಲ್ಲಿ ಪ್ರೋಟೀನಿನ ಬೆನ್ನೆಲುಬು ಯಾವ ದಾರಿ ಹಿಡಿದಿದೆ ಎಂದು ನಂಬಬಹುದು, ದಪ್ಪ ಪಾರ್ಶ್ವಸರಪಳಿಗಳು ಮಸುಕಾಗಿ ಕಾಣುತ್ತವೆ. 2.5ಕ್ಕೆ ಬಂದರೆ ಪಾರ್ಶ್ವಸರಪಳಿಗಳು ನಿಚ್ಚಳ. 2.0ರಲ್ಲಿ ನೀರಿನ ಅಣುಗಳು ಒಂದೊಂದಾಗಿ ಎದ್ದು ಕಾಣುತ್ತವೆ. 1.2ರ ಸುತ್ತ ಪರಮಾಣುಗಳೇ ಬಿಡಿಬಿಡಿಯಾಗುತ್ತವೆ. ಔಷಧಿ ವಿನ್ಯಾಸಕ್ಕೆ 2.5ಕ್ಕಿಂತ ಒರಟಾದದ್ದನ್ನು ನಾನು ಅನಿವಾರ್ಯವಾದರೆ ಮಾತ್ರ ಮುಟ್ಟುತ್ತೇನೆ.

ರೆಸಲ್ಯೂಷನ್ ಒಳ್ಳೆಯದಿದ್ದರೂ ಒಂದು ಮಿತಿ ಇದ್ದೇ ಇದೆ. 2 ಆಂಗ್‌ಸ್ಟ್ರಮ್ ನಕ್ಷೆಯಲ್ಲಿ ಸಾರಜನಕವೂ ಆಮ್ಲಜನಕವೂ ಒಂದೇ ಥರ ಕಾಣುತ್ತವೆ. ಆಸ್ಪರಾಜಿನ್, ಗ್ಲುಟಮಿನ್, ಹಿಸ್ಟಿಡಿನ್‌ಗಳ ತುದಿ ಯಾವ ಕಡೆಗೆ ತಿರುಗಿದೆ ಎಂಬುದು ನಕ್ಷೆಯಿಂದ ಬಂದ ಉತ್ತರವಲ್ಲ. ಸುತ್ತಲಿನ ಹೈಡ್ರೋಜನ್ ಬಂಧಗಳನ್ನು ನೋಡಿ ಯಾರೋ ತೀರ್ಮಾನಿಸಿದ್ದು. ಹೈಡ್ರೋಜನ್ನುಗಳಂತೂ ಕಾಣುವುದೇ ಇಲ್ಲ.

ಮೂರನೆಯದು ಆರ್-ಫ್ರೀ. ಮಾದರಿ ಕಟ್ಟುವಾಗ ದತ್ತಾಂಶದ ಒಂದು ಪಾಲನ್ನು, ಸಾಮಾನ್ಯವಾಗಿ ನೂರಕ್ಕೆ ಐದರಷ್ಟನ್ನು, ಮುಟ್ಟದೆ ಎತ್ತಿಟ್ಟಿರುತ್ತಾರೆ. ಮಾದರಿ ಆ ಕಾಣದ ಪಾಲಿಗೂ ಹೊಂದುತ್ತದೆಯೇ ಎಂದು ಈ ಸಂಖ್ಯೆ ಹೇಳುತ್ತದೆ. 2 ಆಂಗ್‌ಸ್ಟ್ರಮ್ ರಚನೆಗೆ 0.20ರಿಂದ 0.25ರ ಒಳಗಿದ್ದರೆ ನೆಮ್ಮದಿ. ಅದಕ್ಕೂ, ಮಾದರಿ ಕಟ್ಟಲು ಬಳಸಿದ ಪಾಲಿನ ಮೇಲೆ ಲೆಕ್ಕ ಹಾಕುವ ಸಾಮಾನ್ಯ ಆರ್ ಮೌಲ್ಯಕ್ಕೂ ಅಂತರ ತುಂಬ ಹೆಚ್ಚಿದ್ದರೆ, ದತ್ತಾಂಶ ಹೇಳದ್ದನ್ನೂ ಮಾದರಿಯ ಬಾಯಿಂದ ಹೇಳಿಸಿದ್ದಾರೆ ಎಂದು ಅರ್ಥ.

ನಾಲ್ಕನೆಯದು ರಾಮಚಂದ್ರನ್ ನಕ್ಷೆ. 1963ರಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು ತೋರಿಸಿದ್ದು ಇಷ್ಟು: ಪ್ರೋಟೀನಿನ ಬೆನ್ನೆಲುಬು ಹೇಗೆ ಬೇಕಾದರೂ ಹೊರಳುವುದಿಲ್ಲ, ಪರಮಾಣುಗಳು ಒಂದನ್ನೊಂದು ಗುದ್ದುವ ಕೋನಗಳು ನಿಷಿದ್ಧ. ಅರವತ್ತು ವರ್ಷ ಕಳೆದರೂ ಪ್ರತಿಯೊಂದು ರಚನೆಯೂ ಈ ಪರೀಕ್ಷೆಗೆ ಕೂರಲೇಬೇಕು. ನಿಮ್ಮ ಗುಳಿಯ ಅಂಚಿನಲ್ಲೇ ನಿಷಿದ್ಧ ಕೋನದ ಅಮೈನೊ ಆಮ್ಲವೊಂದಿದ್ದರೆ ಎರಡರಲ್ಲಿ ಒಂದು. ಅದು ತಪ್ಪಾಗಿರಬೇಕು, ಇಲ್ಲವೇ ಬಹಳ ಕುತೂಹಲದ್ದಾಗಿರಬೇಕು.

ಇಷ್ಟೆಲ್ಲ ಪರೀಕ್ಷೆ ಯಾಕೆ ಎನ್ನುವವರಿಗೆ ಒಂದು ನಿಜ ಸಂಗತಿ. ಜೀವಕೋಶದ ಪೊರೆಯಲ್ಲಿ ಸಾಗಾಣಿಕೆ ಮಾಡುವ ಪ್ರೋಟೀನುಗಳ ಬಗ್ಗೆ ಬಂದ ಐದು ಪ್ರಬಂಧಗಳನ್ನು ಹಿಂದೆಗೆದುಕೊಳ್ಳುವುದಾಗಿ 2006ರ ಕೊನೆಗೆ ಪ್ರಕಟವಾಯಿತು. ಕಾರಣ ಇಷ್ಟೇ: ದತ್ತಾಂಶ ಸಂಸ್ಕರಿಸುವ ಒಂದು ಸಣ್ಣ ಪ್ರೋಗ್ರಾಮು ಎರಡು ಕಾಲಂಗಳನ್ನು ಅದಲುಬದಲು ಮಾಡಿತ್ತು, ರಚನೆ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿತ್ತು. ಆ ರಚನೆಗಳನ್ನು ನಂಬಿ ವರ್ಷಗಟ್ಟಲೆ ಕೆಲಸ ಮಾಡಿದವರಿದ್ದರು.

ಒಂದು ಕಡತವನ್ನು ಕೂತು ಓದೋಣ

ಅಭ್ಯಾಸಕ್ಕೆ 6ಎಲ್‌ಯು7 ಎಂಬ ಗುರುತಿನ ಕಡತ ತೆಗೆಯಿರಿ (ಹುಡುಕುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಬೇಕು). ಕೋವಿಡ್ ವೈರಸ್ಸಿನ ಮುಖ್ಯ ಪ್ರೋಟಿಯೇಸ್ (ಪ್ರೋಟೀನನ್ನು ಕತ್ತರಿಸುವ ಕಿಣ್ವ) ಇದು, ಎನ್3 ಎಂಬ ಪ್ರತಿಬಂಧಕದ ಜೊತೆ, 2.16 ಆಂಗ್‌ಸ್ಟ್ರಮ್‌ನಲ್ಲಿ. 2020ರ ಫೆಬ್ರವರಿಯಲ್ಲಿ ಎಲ್ಲರಿಗೂ ತೆರೆದಾಗ ಅದನ್ನು ಇಳಿಸಿಕೊಂಡವರಲ್ಲಿ ನಾನೂ ಒಬ್ಬಳು. ಆವತ್ತು ಕೈ ನಡುಗುತ್ತಿತ್ತು.

ತೆರೆದಾಗ ಒಂದೇ ಸರಪಳಿ ಕಾಣುತ್ತದೆ, 306 ಅಮೈನೊ ಆಮ್ಲ. ಹೊಸಬರು ಎಡವುವುದು ಇಲ್ಲೇ. ಈ ಕಿಣ್ವ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಜೋಡಿಯಾಗಿ ಮಾಡುತ್ತದೆ. ಹರಳಿನ ಸಮಮಿತಿಯಿಂದ ಎರಡನೆಯದು ತಾನಾಗಿ ಬರುವುದರಿಂದ ಕಡತದಲ್ಲಿ ಒಂದನ್ನಷ್ಟೇ ಬರೆದಿರುತ್ತಾರೆ. "ಬಯೊಲಾಜಿಕಲ್ ಅಸೆಂಬ್ಲಿ" ಎಂಬ ಆಯ್ಕೆ ಒತ್ತಿ ಜೋಡಿಯನ್ನು ತರಿಸಿ. ಈಗ ಒಂದು ಸರಪಳಿಯ ಮೊಟ್ಟಮೊದಲ ಅಮೈನೊ ಆಮ್ಲ ಸೆರಿನ್ 1, ಇನ್ನೊಂದರ ಗ್ಲುಟಮೇಟ್ 166ರ ಬಳಿ ಬಂದು ಕೂತಿರುವುದು ಕಾಣುತ್ತದೆ. ಆ ಗ್ಲುಟಮೇಟ್ ಗುಳಿಯ ಗೋಡೆ. ಅಂದರೆ ನೀವು ಔಷಧಿ ಕೂರಿಸಬೇಕೆಂದಿರುವ ಗುಳಿಯ ಆಕಾರ ಕಾಯಲು ಪಕ್ಕದ ಸರಪಳಿಯ ಬೆರಳು ಬೇಕು. ಒಂಟಿ ಸರಪಳಿಯನ್ನೇ ನೋಡುತ್ತ ಡಾಕಿಂಗ್ (ಅಣು ಗುಳಿಯಲ್ಲಿ ಹೇಗೆ ಕೂರುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು) ಮಾಡಿದವರ ಲೆಕ್ಕದಿಂದ ಈ ಬೆರಳು ಬಿಟ್ಟುಹೋಗಿರುತ್ತದೆ.

ಇನ್ನು ಗುಳಿಯೊಳಕ್ಕೆ ಹೋಗಿ. ಸಿಸ್ಟೀನ್ 145 ಮತ್ತು ಹಿಸ್ಟಿಡಿನ್ 41, ಇವೆರಡೇ ಕತ್ತರಿಯ ಅಲಗುಗಳು. ಎನ್3 ಆ ಸಿಸ್ಟೀನಿನ ಗಂಧಕಕ್ಕೆ ನೇರವಾಗಿ ಬೆಸೆದುಕೊಂಡಿದೆ. ಈ ಕಿಣ್ವ ಗ್ಲುಟಮಿನ್ ಆದಮೇಲೆ ಕತ್ತರಿಸುತ್ತದೆ. ಆ ಗ್ಲುಟಮಿನ್ ಕೂರುವ ಕಿರುಗುಳಿಗೆ ಎಸ್1 ಎಂದು ಹೆಸರು, ಗೋಡೆಗೆ ಹಿಸ್ಟಿಡಿನ್ 163 ಇದೆ. ಎನ್3ಯಲ್ಲಿ ಅಲ್ಲಿ ಗ್ಲುಟಮಿನ್ನನ್ನು ಹೋಲುವ ಒಂದು ಲ್ಯಾಕ್ಟಮ್ ಉಂಗುರವಿದೆ. 2021ರ ಡಿಸೆಂಬರ್‌ನಲ್ಲಿ ತುರ್ತು ಬಳಕೆಗೆ ಅನುಮತಿ ಪಡೆದ ಕೋವಿಡ್ ಔಷಧಿ ನಿರ್ಮಾಟ್ರೆಲ್ವಿರ್‌ನಲ್ಲೂ ಅದೇ ಉಂಗುರ ಅದೇ ಜಾಗಕ್ಕಿದೆ. ಸಿಸ್ಟೀನನ್ನು ಹಿಡಿಯುವ ಕೊಕ್ಕೆ ಮಾತ್ರ ಬೇರೆ, ನೈಟ್ರೈಲ್.

ಇಷ್ಟು ಹೊತ್ತು ನೋಡಿದ್ದು ಮಾದರಿ. ಈಗ ನಕ್ಷೆ ತೆರೆಯಿರಿ. ಪಿಡಿಬಿಯ ಪುಟದಲ್ಲೇ ಬ್ರೌಸರ್ ಒಳಗೆ ತೋರಿಸುವ ಸೌಲಭ್ಯವಿದೆ. ಕೂಟ್ ಆದರೆ ಇನ್ನೂ ಚೆನ್ನ. ಎರಡು ಬಗೆಯ ನಕ್ಷೆ ಬರುತ್ತದೆ. ನೀಲಿ ಬಲೆಯಂಥದು ಎಲೆಕ್ಟ್ರಾನುಗಳು ಎಲ್ಲಿವೆ ಎಂದು ತೋರಿಸುತ್ತದೆ. ಅದನ್ನು 1ರಿಂದ 1.5 ಸಿಗ್ಮಾ ಮಟ್ಟದಲ್ಲಿಡಿ (ಎಷ್ಟು ಬಲದ ಸಂಕೇತದಿಂದ ಮೇಲಿನದನ್ನು ತೋರಿಸಬೇಕು ಎಂಬ ಗಡಿ ಇದು). ಹಸಿರು-ಕೆಂಪಿನದು ವ್ಯತ್ಯಾಸದ ನಕ್ಷೆ, 3 ಸಿಗ್ಮಾದಲ್ಲಿರಲಿ. ಹಸಿರು ಕಂಡರೆ "ಇಲ್ಲೇನೋ ಇದೆ, ನೀವು ಹಾಕಿಲ್ಲ" ಎಂದು. ಕೆಂಪು ಕಂಡರೆ "ನೀವು ಹಾಕಿದ್ದೀರಿ, ಇಲ್ಲೇನೂ ಇಲ್ಲ" ಎಂದು.

ಲಿಗ್ಯಾಂಡಿನ ಒಂದು ತುದಿಯಿಂದ ಹೊರಟು ಒಂದೊಂದೇ ಪರಮಾಣುವಿನ ಮೇಲೆ ನಿಂತು ಕೇಳಿ: ನೀಲಿ ಬಲೆ ಇದನ್ನು ಹೊದ್ದಿದೆಯೇ? ಉಂಗುರಗಳು ಉಂಗುರದಂತೆ ಚಪ್ಪಟೆಯಾಗಿವೆಯೇ, ಇಲ್ಲ ಬಲೆ ಬರೀ ಉಂಡೆಯಂತಿದ್ದು ಯಾವ ಆಕಾರ ತುರುಕಿದರೂ ಹಿಡಿಸುವಂತಿದೆಯೇ? ನೀರಿನತ್ತ ಚಾಚಿರುವ ತುದಿಗಳಲ್ಲಿ ಬಲೆ ಹರಿದುಹೋಗುವುದು ಸಹಜ, ಆ ಭಾಗ ಅಲುಗಾಡುತ್ತಿರುತ್ತದೆ. ಆದರೆ ಗುಳಿಯ ಆಳದಲ್ಲಿ, ಎಲ್ಲ ಕಡೆಯಿಂದಲೂ ಒತ್ತಿಹಿಡಿದ ಜಾಗದಲ್ಲಿ ಬಲೆ ಇಲ್ಲವೆಂದರೆ ಮುಂದೆ ಹೋಗಬೇಡಿ. ಬಲೆ ಕಾಣಲಿ ಎಂದು ಸಿಗ್ಮಾ ಮಟ್ಟವನ್ನು 0.5ಕ್ಕೆ ಇಳಿಸುವ ಆಸೆ ಬರುತ್ತದೆ. ಅಷ್ಟು ಕೆಳಗಿಳಿದರೆ ದತ್ತಾಂಶದಲ್ಲಿನ ಬರೀ ಗದ್ದಲ (ನಾಯ್ಸ್) ಕೂಡ ಬಲೆಯಂತೆ ಕಾಣುತ್ತದೆ. ಬದಲಿಗೆ ಲಿಗ್ಯಾಂಡನ್ನು ಅಳಿಸಿ, ಅದಿಲ್ಲದೆಯೇ ಪರಿಷ್ಕರಿಸಿ ಮತ್ತೆ ನಕ್ಷೆ ಮಾಡಿಸಿ. ಅಳಿಸಿದ ಮೇಲೂ ಅದೇ ಆಕಾರದ ಹಸಿರು ಎದ್ದು ಬಂದರೆ ಅದು ನಿಜ. ನನ್ನ ಕಿಣ್ವದಲ್ಲಿ ಆ ರಾತ್ರಿ ಮಾಡಿದ್ದು ಇದನ್ನೇ.

ಜೊತೆಗೆ ಎರಡು ಸಂಖ್ಯೆ ನೋಡಿ. ಆಕ್ಯುಪೆನ್ಸಿ 1ಕ್ಕಿಂತ ಕಡಿಮೆ ಇದ್ದರೆ ಹರಳಿನಲ್ಲಿರುವ ಪ್ರೋಟೀನಿನ ಕೆಲವು ಪ್ರತಿಗಳಲ್ಲಷ್ಟೇ ಆ ಅಣು ಇದೆ. ಪರಮಾಣುವಿನ ಅಲುಗಾಟ ಹೇಳುವ ಬಿ-ಫ್ಯಾಕ್ಟರ್ ಸುತ್ತಲಿನ ಗೋಡೆಗಿಂತ ಲಿಗ್ಯಾಂಡಿಗೆ ಎರಡು ಮೂರು ಪಟ್ಟು ಹೆಚ್ಚಿದ್ದರೆ ಅದು ಅಲ್ಲಿ ಗಟ್ಟಿಯಾಗಿ ಕೂತಿಲ್ಲ, ಅಥವಾ ಅಲ್ಲಿ ಇಲ್ಲವೇ ಇಲ್ಲ.

ನೀರನ್ನು ಅಳಿಸುವ ಮುನ್ನ

ಡಾಕಿಂಗ್ ಕಲಿಸುವವರು ಮೊದಲ ಹೆಜ್ಜೆಯಾಗಿ "ನೀರಿನ ಅಣುಗಳನ್ನೆಲ್ಲ ತೆಗೆದುಹಾಕಿ" ಎನ್ನುತ್ತಾರೆ. ನಾನು ಕೇಳುವುದಿಲ್ಲ. ಯಾಕೆಂದು 1ಎಚ್‌ಎಸ್‌ಜಿ ಕಡತ ತೋರಿಸುತ್ತದೆ. ಎಚ್‌ಐವಿ ಪ್ರೋಟಿಯೇಸ್, ಇಂಡಿನಾವಿರ್ ಎಂಬ ಔಷಧಿಯ ಜೊತೆಗೆ, 2.0 ಆಂಗ್‌ಸ್ಟ್ರಮ್. ಇದೂ ಜೋಡಿಯೇ, ಒಂದೊಂದು ಸರಪಳಿಗೆ 99 ಅಮೈನೊ ಆಮ್ಲ. ಎರಡೂ ಸರಪಳಿಗಳ ಆಸ್ಪಾರ್ಟೇಟ್ 25 ಗುಳಿಯ ತಳದಲ್ಲಿ ಎದುರುಬದುರು ಕೂತಿವೆ, ಔಷಧಿಯ ಹೈಡ್ರಾಕ್ಸಿಲ್ ಸರಿಯಾಗಿ ಅವುಗಳ ನಡುವೆ. ಮೇಲುಗಡೆ ಎರಡು ರೆಪ್ಪೆಗಳು ಮುಚ್ಚಿಕೊಂಡಿವೆ. ರೆಪ್ಪೆಗೂ ಔಷಧಿಗೂ ಮಧ್ಯೆ ಒಂದೇ ಒಂದು ನೀರಿನ ಅಣು, ಕಡತದಲ್ಲಿ ಅದರ ಸಂಖ್ಯೆ 308. ಎರಡು ರೆಪ್ಪೆಗಳ ಐಸೊಲ್ಯೂಸಿನ್ 50ಕ್ಕೆ ಒಂದು ಕಡೆ, ಔಷಧಿಗೆ ಇನ್ನೊಂದು ಕಡೆ ಹೈಡ್ರೋಜನ್ ಬಂಧ ಹಾಕಿ ಸೇತುವೆಯಂತೆ ನಿಂತಿದೆ.

ಮನುಷ್ಯರ ದೇಹದಲ್ಲಿರುವ ಇದೇ ಬಗೆಯ ಕಿಣ್ವಗಳಲ್ಲಿ, ಪೆಪ್ಸಿನ್‌ನಲ್ಲಾಗಲಿ ರೆನಿನ್‌ನಲ್ಲಾಗಲಿ, ಈ ನೀರು ಇಲ್ಲ. ಹಾಗಾಗಿ 1990ರ ದಶಕದ ಮೊದಲಲ್ಲಿ ಒಂದು ತಂಡ ಈ ನೀರನ್ನೇ ಹೊರದಬ್ಬಿ ಅದರ ಜಾಗದಲ್ಲಿ ತಾನು ಕೂರುವ ಯೂರಿಯಾ ಉಂಗುರದ ಅಣುಗಳನ್ನು ವಿನ್ಯಾಸ ಮಾಡಿತು. ರಚನೆ ನೋಡಿ ಮಾಡಿದ ವಿನ್ಯಾಸಗಳಲ್ಲಿ ಇಷ್ಟು ಸುಂದರವಾದದ್ದು ಕಡಿಮೆ. ಅಣುಗಳು ಕಿಣ್ವಕ್ಕೆ ಬಲವಾಗಿ ಅಂಟಿದವು ಕೂಡ. ಔಷಧಿಯಾಗಲಿಲ್ಲ. ಅಂಟುವುದು ಒಂದು, ಹೊಟ್ಟೆಯಿಂದ ರಕ್ತಕ್ಕೆ ಸೇರಿ ಸಾಕಷ್ಟು ಹೊತ್ತು ಉಳಿಯುವುದು ಇನ್ನೊಂದು. ಈ ಎರಡನೆಯದರ ಬಗ್ಗೆ ರಚನೆ ಬಾಯಿ ಬಿಡುವುದಿಲ್ಲ.

ಅದೇ ಕಡತದಲ್ಲಿ ಇನ್ನೊಂದು ಅಭ್ಯಾಸ. ವ್ಯಾಲಿನ್ 82, ಐಸೊಲ್ಯೂಸಿನ್ 84 ಎಲ್ಲಿವೆ ನೋಡಿ, ಔಷಧಿಗೆ ಒರಗಿಕೊಂಡಿವೆ. ಔಷಧಿಗೆ ಬಗ್ಗದ ವೈರಸ್ಸುಗಳಲ್ಲಿ ಬದಲಾಗುವುದು ಇಂಥವೇ: ಗೋಡೆ ಸ್ವಲ್ಪ ಸವೆದರೆ ಸಾಕು, ಅಣುವಿನ ಹಿಡಿತ ತಪ್ಪುತ್ತದೆ. 2006ರಲ್ಲಿ ಅನುಮತಿ ಪಡೆದ ದಾರುನಾವಿರ್ ಇದಕ್ಕೆ ಜಾಣ ಉತ್ತರ. ಅದು ಆಸ್ಪಾರ್ಟೇಟ್ 29, 30ರ ಬೆನ್ನೆಲುಬಿಗೇ ಹೈಡ್ರೋಜನ್ ಬಂಧ ಹಾಕುತ್ತದೆ. ರೂಪಾಂತರವಾದಾಗ ಪಾರ್ಶ್ವಸರಪಳಿ ಬದಲಾಗುತ್ತದೆ, ಬೆನ್ನೆಲುಬು ಹಾಗೇ ಉಳಿಯುತ್ತದೆ. ನಿಮ್ಮ ಗುಳಿಯಲ್ಲೂ ಯಾವ ಹಿಡಿತ ಬೆನ್ನೆಲುಬಿನದು, ಯಾವುದು ಪಾರ್ಶ್ವಸರಪಳಿಯದು ಎಂದು ಎರಡು ಪಟ್ಟಿ ಮಾಡಿ. ಬಂಧದ ದೂರ ಅಳೆಯಿರಿ: 2.7ರಿಂದ 3.3 ಆಂಗ್‌ಸ್ಟ್ರಮ್ ಒಳಗಿದ್ದರೆ ಹೈಡ್ರೋಜನ್ ಬಂಧ ಎನ್ನಬಹುದು. 3.8 ಇರುವುದನ್ನೂ ಚುಕ್ಕೆಗೆರೆ ಎಳೆದು ಬಂಧವೆಂದು ತೋರಿಸುವ ಚಿತ್ರಗಳಿವೆ, ನಂಬಬೇಡಿ.

ಒಂದು ರಚನೆ ಸಾಲದು

ಪ್ರೋಟೀನು ಅಚ್ಚಿನಲ್ಲಿ ಎರಕ ಹೊಯ್ದ ಬೊಂಬೆಯಲ್ಲ. ಫ್ಲೂ ಔಷಧಿ ಒಸೆಲ್ಟಮಿವಿರ್ ಹೊಕ್ಕಾಗ ಆ ವೈರಸ್ಸಿನ ಕಿಣ್ವ ನ್ಯೂರಮಿನಿಡೇಸ್‌ನಲ್ಲಿ ಗ್ಲುಟಮೇಟ್ 276 ಹೊರಳಿಕೊಂಡು ಜಾಗ ಮಾಡಿಕೊಡುತ್ತದೆ; ಖಾಲಿ ಗುಳಿ ನೋಡಿದರೆ ಆ ಜಾಗ ಇರುವುದೇ ಗೊತ್ತಾಗುವುದಿಲ್ಲ. ಕೆ-ರಾಸ್ ಎಂಬ ಕ್ಯಾನ್ಸರ್ ಪ್ರೋಟೀನಿಗೆ ಔಷಧಿ ಕೂರುವ ಗುಳಿಯೇ ಇಲ್ಲವೆಂದು ದಶಕಗಳ ಕಾಲ ಕೈಚೆಲ್ಲಿದ್ದರು. ಅದರ ಜಿ12ಸಿ ರೂಪದ (12ನೆಯ ಗ್ಲೈಸಿನ್ ಸಿಸ್ಟೀನ್ ಆದದ್ದು) ಸಿಸ್ಟೀನನ್ನು ಹಿಡಿಯುವ ಅಣುಗಳನ್ನು 2013ರಲ್ಲಿ ಕೂರಿಸಿ ನೋಡಿದಾಗ ಮುಚ್ಚಿದ್ದ ಒಂದು ಗುಳಿ ಬಾಯಿ ತೆರೆದಿತ್ತು. 2021ರಲ್ಲಿ ಸೊಟೊರಾಸಿಬ್ ಬಂದದ್ದು ಆ ಬಾಯಿಂದಲೇ. ಹಾಗಾಗಿ ನಿಮ್ಮ ಪ್ರೋಟೀನಿನದು ಸಿಕ್ಕಷ್ಟೂ ರಚನೆ ಇಳಿಸಿ, ಖಾಲಿಯದು, ತುಂಬಿದ್ದು, ಬೇರೆ ಬೇರೆ ಅಣುಗಳದ್ದು, ಎಲ್ಲವನ್ನೂ ಒಂದರ ಮೇಲೊಂದು ಕೂರಿಸಿ ನೋಡಿ. ಯಾವುದು ಅಲುಗುವುದಿಲ್ಲವೋ ಅದು ಗೋಡೆ, ಯಾವುದು ಅಲುಗುತ್ತದೋ ಅದು ಬಾಗಿಲು.

ಡಾಕಿಂಗ್ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಆಟೊಡಾಕ್ ವೀನಾ ಉಚಿತ, ಕಲಿಯಲು ಅರ್ಧ ದಿನ ಸಾಕು. ಮೊದಲು ಹರಳಿನಲ್ಲಿದ್ದ ಲಿಗ್ಯಾಂಡನ್ನೇ ಹೊರತೆಗೆದು ಮತ್ತೆ ಕೂರಿಸಲು ಹೇಳಿ. ಮೂಲ ಜಾಗಕ್ಕಿಂತ 2 ಆಂಗ್‌ಸ್ಟ್ರಮ್ ಒಳಗೆ ಬಂದು ಕೂರದಿದ್ದರೆ ನಿಮ್ಮ ಸಿದ್ಧತೆಯಲ್ಲೇ ತಪ್ಪಿದೆ. ಹಿಸ್ಟಿಡಿನ್, ಆಸ್ಪಾರ್ಟೇಟ್‌ಗಳ ಪ್ರೋಟಾನು ಎಲ್ಲಿಟ್ಟಿದ್ದೀರಿ ನೋಡಿ. ಅದು ಕೊಡುವ ಅಂಕದಿಂದ ಪಟ್ಟಿ ಸೋಸಬಹುದು, ಬಲ ಅಳೆಯಲಾಗದು. ಬಂಧದ ಬಲ ಹತ್ತು ಪಟ್ಟು ಹೆಚ್ಚುವುದಕ್ಕೆ ಮೋಲಿಗೆ ಸುಮಾರು 1.4 ಕಿಲೊಕ್ಯಾಲೊರಿ ಸಾಕು. ಅಂಕದ ತಪ್ಪು 2-3 ಕಿಲೊಕ್ಯಾಲೊರಿ ಆಗುವುದು ಮಾಮೂಲು. ಅಂದರೆ ನೂರು ಪಟ್ಟು ತಪ್ಪಬಹುದು. ಮೇಲಿನ ಐವತ್ತು ಅಣುಗಳ ಭಂಗಿಯನ್ನು ಒಂದೊಂದಾಗಿ ಕಣ್ಣಾರೆ ನೋಡಿ ಆರಿಸಿ. ಬೇಸರದ ಕೆಲಸ, ಆದರೆ ಅದನ್ನು ಬಿಟ್ಟು ಒಳದಾರಿಯಿಲ್ಲ.

ರಚನೆ ಇಲ್ಲದಿದ್ದರೆ

ಅಮೈನೊ ಆಮ್ಲಗಳ ಸಾಲಿನಿಂದಲೇ ರಚನೆ ಊಹಿಸುವ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಮು ಆಲ್ಫಾಫೋಲ್ಡ್ ಇದೆ. 2020ರ ರಚನೆ ಊಹಿಸುವ ಸ್ಪರ್ಧೆಯಲ್ಲಿ ಅದು ಗೆದ್ದ ಸುದ್ದಿ ಬಂದಾಗ ನನಗೆ ಕೆಲವು ದಿನ ಏನೂ ತೋಚಲಿಲ್ಲ. ಒಂದೊಂದು ರಚನೆಗೆ ನಾವು ವರ್ಷಗಳನ್ನು ತೆತ್ತಿದ್ದೆವು. ಈಗ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹಿತ ರಚನೆ ಉಚಿತವಾಗಿ ಸಿಗುತ್ತದೆ. ನಾನು ದಿನವೂ ಬಳಸುತ್ತೇನೆ, ಕೃತಜ್ಞತೆಯಿಂದ ಬಳಸುತ್ತೇನೆ. ಆದರೆ ಇದರ ಹಿಂದೆ ನಿಮ್ಮ ಪ್ರೋಟೀನಿನ ನಕ್ಷೆ ಎಂಬುದಿಲ್ಲ. ಅದರ ಬದಲು ಇರುವುದು ಮಾದರಿಯೇ ಹೇಳಿಕೊಳ್ಳುವ ಭರವಸೆಯ ಅಂಕ, ಪಿಎಲ್‌ಡಿಡಿಟಿ. 90ರ ಮೇಲೆ ಗಾಢ ನೀಲಿ, ಬೆನ್ನೆಲುಬನ್ನು ನಂಬಿ. 70ರಿಂದ 90 ತಿಳಿನೀಲಿ, ಪರವಾಗಿಲ್ಲ. 50ರ ಕೆಳಗಿನ ಕಿತ್ತಳೆ ಬಣ್ಣದ್ದನ್ನು ರಚನೆ ಎಂದು ಕರೆಯಲೇಬೇಡಿ. ಅನೇಕ ಸಲ ಆ ಭಾಗಕ್ಕೆ ನಿಜದಲ್ಲೂ ನಿಶ್ಚಿತ ಆಕಾರ ಇರುವುದಿಲ್ಲ. ಎರಡು ಭಾಗಗಳು ಪರಸ್ಪರ ಹೇಗೆ ಕೂತಿವೆ ಎನ್ನುವುದಕ್ಕೆ ಇನ್ನೊಂದು ಚೌಕದ ಚಿತ್ರ ಕೊಡುತ್ತಾರೆ, ಪಿಎಇ ಎಂದು. ಅದನ್ನು ನೋಡದೆ ಎರಡು ಭಾಗಗಳ ನಡುವಿನ ಸಂದನ್ನು ಗುಳಿ ಎಂದುಕೊಂಡರೆ ಮೋಸಹೋಗುತ್ತೀರಿ. ಆ ಸಂಗ್ರಹದ ರಚನೆಗಳಲ್ಲಿ ನೀರಿಲ್ಲ, ಲೋಹವಿಲ್ಲ, ಲಿಗ್ಯಾಂಡ್ ಇಲ್ಲ, ಸಕ್ಕರೆ ಸರಪಳಿ ಇಲ್ಲ. ಪ್ರೋಟೀನು ಎರಡು ಭಂಗಿಯಲ್ಲಿ ನಿಲ್ಲುವಂಥದ್ದಾದರೆ ಸಿಗುವುದು ಸಾಮಾನ್ಯವಾಗಿ ಒಂದೇ, ಯಾವುದೆಂದು ನೀವೇ ಕಂಡುಕೊಳ್ಳಬೇಕು. ಲಸಿಕೆಯ ಕೆಲಸದಲ್ಲಿ ಈ ಕೊನೆಯ ಮಾತು ಎಲ್ಲಕ್ಕಿಂತ ದೊಡ್ಡದು.

ಲಸಿಕೆಗಾಗಿ ನೋಡುವಾಗ

ಆರ್‌ಎಸ್‌ವಿ ಎಂಬ ವೈರಸ್ಸು ಹಸುಳೆಗಳ ಶ್ವಾಸಕೋಶಕ್ಕೆ ತಗಲುತ್ತದೆ. 1960ರ ದಶಕದಲ್ಲಿ ಇಡೀ ವೈರಸ್ಸನ್ನು ಫಾರ್ಮಲಿನ್‌ನಲ್ಲಿ ನಿಷ್ಕ್ರಿಯಗೊಳಿಸಿ ಲಸಿಕೆ ಮಾಡಿ ಮಕ್ಕಳಿಗೆ ಕೊಟ್ಟು ನೋಡಿದರು. ಕಾಪಾಡುವ ಬದಲು ಅದು ಕಾಯಿಲೆಯನ್ನು ಇನ್ನಷ್ಟು ಕೆರಳಿಸಿತು. ಇಬ್ಬರು ಮಕ್ಕಳು ತೀರಿಕೊಂಡರು. ಆ ಭಯದ ನೆರಳಿನಲ್ಲಿ ಆರ್‌ಎಸ್‌ವಿ ಲಸಿಕೆ ಅರ್ಧ ಶತಮಾನ ಮುಂದೆ ಹೋಗಲಿಲ್ಲ. ತಪ್ಪಿಗೆ ಒಂದೇ ಕಾರಣ ಇರಲಿಲ್ಲ, ಆದರೆ ಒಂದು ಕಾರಣ ರಚನೆಯಲ್ಲಿತ್ತು.

ಕೈಮೆರಾಎಕ್ಸ್‌ನಲ್ಲಿ 4ಜೆಎಚ್‌ಡಬ್ಲ್ಯು ಮತ್ತು 3ಆರ್‌ಆರ್‌ಆರ್ ಎರಡನ್ನೂ ಅಕ್ಕಪಕ್ಕ ತೆರೆಯಿರಿ. ಎರಡೂ ಅದೇ ವೈರಸ್ಸಿನ ಎಫ್ ಪ್ರೋಟೀನು. ಮೊದಲನೆಯದು ಜೀವಕೋಶಕ್ಕೆ ಬೆಸೆದುಕೊಳ್ಳುವ ಮುಂಚಿನ ಭಂಗಿ, ಗಿಡ್ಡ, ದುಂಡಗೆ, ಸ್ಪ್ರಿಂಗಿನಂತೆ ಅದುಮಿಟ್ಟದ್ದು. ಎರಡನೆಯದು ಬೆಸೆದಾದ ಮೇಲಿನದು, ಉದ್ದಕ್ಕೆ ಚಿಮ್ಮಿ ನಿಂತದ್ದು. ಮೊದಲನೆಯದರ ನೆತ್ತಿಯ ಮೇಲೆ ಪ್ರತಿಕಾಯವೊಂದು ಹಿಡಿದುಕೊಂಡಿದೆ. ಆ ನೆತ್ತಿಯನ್ನು ಎರಡನೆಯದರಲ್ಲಿ ಹುಡುಕಿ. ಸಿಗುವುದಿಲ್ಲ! ಆ ಮುಖವೇ ಕರಗಿಹೋಗಿದೆ. ವೈರಸ್ಸನ್ನು ನಿಜವಾಗಿ ತಡೆಯುವ ಪ್ರತಿಕಾಯಗಳಲ್ಲಿ ಹೆಚ್ಚಿನವು ಹಿಡಿಯುವುದು ಮೊದಲ ಭಂಗಿಯನ್ನು. ತನ್ನಷ್ಟಕ್ಕೆ ಬಿಟ್ಟರೆ ಈ ಪ್ರೋಟೀನು ಎರಡನೆಯದಕ್ಕೆ ಜಾರುತ್ತದೆ.

2013ರಲ್ಲಿ ಈ ಮೊದಲ ಭಂಗಿಯ ರಚನೆ ಸಿಕ್ಕಾಗ ಅದನ್ನು ಕದಲದಂತೆ ಬಿಗಿಯುವುದು ಹೇಗೆಂದು ಕಂಡಿತು. ಅಭ್ಯಾಸ ಮಾಡಬಯಸುವವರು ಆ ನಾಲ್ಕು ಬದಲಾವಣೆಗಳ ಜಾಗವನ್ನು ಗುರುತು ಹಾಕಿ ನೋಡಿ. 155 ಮತ್ತು 290ರಲ್ಲಿದ್ದ ಸೆರಿನ್‌ಗಳು ಅಕ್ಕಪಕ್ಕದಲ್ಲಿವೆ; ಎರಡನ್ನೂ ಸಿಸ್ಟೀನ್ ಮಾಡಿದರೆ ಗಂಧಕಗಳು ಕೈಹಿಡಿದು ಬೀಗ ಬೀಳುತ್ತದೆ. 190 ಮತ್ತು 207ರ ಬಳಿ ಒಳಗೆ ಟೊಳ್ಳು. ಅಲ್ಲಿ ಫಿನೈಲ್‌ಅಲನಿನ್, ಲ್ಯೂಸಿನ್ ಎಂಬ ದಪ್ಪ ಅಮೈನೊ ಆಮ್ಲಗಳನ್ನು ತುರುಕಿದರೆ ಟೊಳ್ಳು ತುಂಬಿ ಗಟ್ಟಿಯಾಗುತ್ತದೆ. ಈ ವಿನ್ಯಾಸಕ್ಕೆ ಡಿಎಸ್-ಕ್ಯಾವ್1 ಎಂದು ಹೆಸರು. 2023ರಲ್ಲಿ ಅನುಮತಿ ಪಡೆದ ಆರ್‌ಎಸ್‌ವಿ ಲಸಿಕೆಗಳು ಈ ಮುಂಚಿನ ಭಂಗಿಯನ್ನೇ ಹಿಡಿದಿಟ್ಟಂಥವು.

ಕೋವಿಡ್ ವೈರಸ್ಸಿನ ಸ್ಪೈಕಿಗೆ ಇನ್ನೊಂದು ಉಪಾಯ ಮಾಡಿದರು, ಮೆರ್ಸ್ ವೈರಸ್ಸಿನ ಮೇಲೆ ಮೊದಲೇ ಕಲಿತಿದ್ದು. ಚಿಮ್ಮುವಾಗ ಒಂದು ತಿರುವು ನೆಟ್ಟಗಾಗಿ ಉದ್ದನೆಯ ಸುರುಳಿಗೆ ಸೇರಿಕೊಳ್ಳಬೇಕು. ಪ್ರೋಲಿನ್ ಎಂಬ ಅಮೈನೊ ಆಮ್ಲ ಸುರುಳಿಯ ನಡುವೆ ಹೊಂದುವುದಿಲ್ಲ. 986, 987ರಲ್ಲಿ ಎರಡು ಪ್ರೋಲಿನ್ ಇಟ್ಟರೆ ಆ ತಿರುವು ನೆಟ್ಟಗಾಗುವುದಕ್ಕೇ ತಡೆ. ವೈರಸ್ಸಿನ ಜೀನೋಮು 2020ರ ಜನವರಿಯಲ್ಲಿ ಹೊರಬಿತ್ತು. ಹೀಗೆ ಬಿಗಿದ ಸ್ಪೈಕಿನ ರಚನೆ, 6ವಿಎಸ್‌ಬಿ, 3.46 ಆಂಗ್‌ಸ್ಟ್ರಮ್‌ನಲ್ಲಿ, ಫೆಬ್ರವರಿಯಲ್ಲೇ ಪ್ರಕಟವಾಯಿತು.

6ವಿಎಸ್‌ಬಿ ತೆರೆದಾಗ ಅಲ್ಲಲ್ಲಿ ತುಂಡಾದ ಕುಣಿಕೆಗಳು ಕಾಣುತ್ತವೆ. ಅಲ್ಲಿ ನಕ್ಷೆ ಸಿಗಲಿಲ್ಲವೆಂದು ಕಟ್ಟಿದವರು ಪ್ರಾಮಾಣಿಕವಾಗಿ ಖಾಲಿ ಬಿಟ್ಟಿದ್ದಾರೆ. ಸಕ್ಕರೆ ಸರಪಳಿಗಳನ್ನೂ ಗಮನಿಸಿ. ಸ್ಪೈಕಿನ ಒಂದೊಂದು ಪ್ರತಿಯಲ್ಲಿ ಅವು ಅಂಟುವ 22 ಜಾಗಗಳಿವೆ. ಕಡತದಲ್ಲಿ ಬುಡದ ಒಂದೆರಡು ಸಕ್ಕರೆ ಕಾಣಬಹುದು, ಮಿಕ್ಕದ್ದು ಬಳುಕುವುದರಿಂದ ನಕ್ಷೆಯಲ್ಲಿ ಮೂಡುವುದಿಲ್ಲ. ಆದರೆ ನಿಜ ವೈರಸ್ಸಿನ ಮೇಲೆ ಅವು ಪೊದೆಯಂತೆ ಹರಡಿ ಮುಖ ಮುಚ್ಚಿರುತ್ತವೆ. ಬರಿದಾಗಿ ಕಾಣುವ ಹೊರಮೈಯನ್ನು ಲಸಿಕೆಯ ಗುರಿ ಎಂದು ಆರಿಸುವ ಮೊದಲು ಸುತ್ತ ಆಸ್ಪರಾಜಿನ್, ಆಮೇಲೆ ಪ್ರೋಲಿನ್ ಬಿಟ್ಟು ಯಾವುದಾದರೂ ಒಂದು, ಆಮೇಲೆ ಸೆರಿನ್ ಇಲ್ಲವೇ ಥ್ರಿಯೊನಿನ್ ಎಂಬ ಸರಣಿ ಇದೆಯೇ ಹುಡುಕಿ. ಇದ್ದರೆ ಅಲ್ಲಿ ಪೊದೆ ಇರುವ ಸಂಭವ ಹೆಚ್ಚು.

ರಸಾಯನಜ್ಞರಿಗೆ ಕೊಡುವ ಹಾಳೆ

ಆ ಎಂಟು ತಿಂಗಳ ಬಳಿಕ ನಾವು ಹೊಸದಾಗಿ ಶುರುಮಾಡಿದೆವು. ಪ್ರೋಟೀನನ್ನು ಮತ್ತೆ ಶುದ್ಧಮಾಡಿ, ಪಾಲಿಎಥಿಲೀನ್ ಗ್ಲೈಕಾಲ್ ಇಲ್ಲದ ದ್ರಾವಣದಲ್ಲಿ ಹರಳು ಬೆಳೆಸಿ, ಅಂಟುತ್ತದೆಂದು ಬೇರೆ ಪ್ರಯೋಗದಿಂದ ಖಾತ್ರಿಯಾಗಿದ್ದ ಒಂದು ಚಿಕ್ಕ ಅಣುವಿನ ದ್ರಾವಣದಲ್ಲಿ ಆ ಹರಳನ್ನು ನೆನೆಹಾಕಿದೆವು. ವ್ಯತ್ಯಾಸದ ನಕ್ಷೆಯಲ್ಲಿ ಹಸಿರು ಎದ್ದಿತು, ಎರಡು ಉಂಗುರ ಬಿಡಿಸಿ ಕಾಣುವಷ್ಟು ಚೆನ್ನಾಗಿ. ಅಣು ನಾವು ಊಹಿಸಿದ್ದಕ್ಕೆ ತಲೆಕೆಳಗಾಗಿ ಕೂತಿತ್ತು.

ಅಂದಿನಿಂದ ನಾನು ರಸಾಯನಜ್ಞರಿಗೆ ಕೊಡುವ ಗುಳಿಯ ಚಿತ್ರದಲ್ಲಿ ಮೂರು ಬಣ್ಣ ಇರುತ್ತದೆ. ನಕ್ಷೆಯಲ್ಲಿ ಸ್ಪಷ್ಟವಾಗಿ ಕಂಡದ್ದು ಕಪ್ಪು. ಆಸ್ಪರಾಜಿನ್ನಿನ ತುದಿ, ಪ್ರೋಟಾನಿನ ಜಾಗ ಮುಂತಾಗಿ ಸುತ್ತಮುತ್ತ ನೋಡಿ ನಾನು ತೀರ್ಮಾನಿಸಿದ್ದು ನೀಲಿ. ಬಲೆ ಹರಿದುಹೋಗಿದ್ದರೂ ಮಾದರಿಯಲ್ಲಿ ಎಳೆದಿರುವುದು ಕೆಂಪು. ಕೆಳಗೆ ಕಡತದ ಗುರುತು, ರೆಸಲ್ಯೂಷನ್, ಸಿಗ್ಮಾ ಮಟ್ಟ, ನೋಡಿದ ದಿನಾಂಕ. ಕೆಂಪು ಇದ್ದ ಜಾಗಕ್ಕೆ ಮಿಥೈಲ್ ಸೇರಿಸಿ ಎಂದು ನಾನೀಗ ಯಾರಿಗೂ ಬರೆಯುವುದಿಲ್ಲ.